ಮುರಕಲ್ಲಿನ ಪದವಿನಲ್ಲಿ ಅರ್ತಿಂಗ್: ಸೌರ, ಪವನ ಸ್ಥಾವರಗಳಿಗೆ ವಿನ್ಯಾಸ ಮಾಡುವ ಕ್ರಮ

ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳಲ್ಲಿ ಸುಮಾರು 250 ಎಕರೆಗೆ ಹರಡಿರುವ 50 ಮೆಗಾವಾಟ್ ಸೌರ ಸ್ಥಾವರ 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅಂದಿನಿಂದ ನಮ್ಮ ಕಡೆ ನಾಲ್ಕೈದು ಎಕರೆ ಬೋಳು ಪದವು (ಗುಡ್ಡೆಯ ಮೇಲಿನ ಬಯಲು) ಇದ್ದವರೂ ಸೌರದ ಲೆಕ್ಕ ಕೇಳಿಕೊಂಡು ಬರುತ್ತಾರೆ. ಪ್ಯಾನೆಲ್ ಯಾವುದು, ಇನ್ವರ್ಟರ್ ಯಾವುದು, ಯೂನಿಟ್ಟಿಗೆ ಎಷ್ಟು ಸಿಗುತ್ತದೆ ಎಂದೆಲ್ಲ ವಿಚಾರಿಸುತ್ತಾರೆ. ಅರ್ತಿಂಗ್, ಅಂದರೆ ದಾರಿ ತಪ್ಪಿದ ಕರೆಂಟನ್ನು ನೆಲಕ್ಕೆ ಇಳಿಸುವ ಏರ್ಪಾಡು, ಅದರ ವಿಷಯ ಬಂದಾಗ ಮಾತ್ರ "ನಾಲ್ಕು ಗುಂಡಿ ತೋಡಿ ರಾಡ್ ಇಳಿಸಿದರೆ ಆಯಿತಲ್ಲ" ಎಂದು ಮುಗಿಸಿಬಿಡುತ್ತಾರೆ.

ನಾನೂ ಮೊದಲು ಹಾಗೆಯೇ ಮಾಡಿದವನು. ಒಂದು ಗುಡ್ಡೆಯ ಮೇಲಿನ ಸಣ್ಣ ಸ್ಥಾವರಕ್ಕೆ ಸಿಡಿಲಿಗೊಂದು, ಡಿಸಿಗೊಂದು, ಎಸಿಗೊಂದು ಎಂದು ಬೇರೆ ಬೇರೆ ಗುಂಡಿ ತೋಡಿಸಿದ್ದೆ. ಉಪ್ಪು, ಇದ್ದಿಲು ತುಂಬಿ, ಮಳೆಗಾಲದಲ್ಲಿ ಅಳೆದು, ಅಂಕಿ ಚೆನ್ನಾಗಿದೆ ಎಂದು ಸಹಿ ಹಾಕಿದ್ದೆ. ತುಲಾ ತಿಂಗಳ ಒಂದು ಸಂಜೆ ಪಕ್ಕದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಸ್ಥಾವರಕ್ಕೆ ನೇರವಾಗಿ ಏನೂ ಬೀಳದಿದ್ದರೂ ಇನ್ವರ್ಟರುಗಳ ಸಂವಹನ ಬೋರ್ಡುಗಳೆಲ್ಲ ಸುಟ್ಟವು. ಒಂದಕ್ಕೊಂದು ಜೋಡಿಸದ ಗುಂಡಿಗಳ ನಡುವೆ ಆ ಕ್ಷಣಕ್ಕೆ ಸಾವಿರಾರು ವೋಲ್ಟ್ ವ್ಯತ್ಯಾಸ ಬಂದು, ಆ ವೋಲ್ಟೇಜಿಗೆ ಬೋರ್ಡುಗಳ ಮೂಲಕವೇ ದಾರಿ ಸಿಕ್ಕಿತ್ತು.

ಅಂದಿನಿಂದ ನಾನು ಹಿಡಿದ ದಾರಿ ಬೇರೆ. ನಮ್ಮ ಮುರಕಲ್ಲಿನ (ತೂತುತೂತಾದ ಕೆಂಪು ಕಲ್ಲು, ಲ್ಯಾಟರೈಟ್) ನೆಲದಲ್ಲಿ ಒಂದೊಂದು ಗುಂಡಿಯ ಓಮ್ ಇಳಿಸಲು ಹಣ ಸುರಿಯುವುದು ವ್ಯರ್ಥ. ಮನುಷ್ಯನ ಕೈ ಮುಟ್ಟುವ ಲೋಹ, ಅವನ ಕಾಲಡಿಯ ನೆಲ, ಯಂತ್ರದ ಪೆಟ್ಟಿಗೆ, ಇವೆಲ್ಲ ಫಾಲ್ಟ್ ಆದ (ಕರೆಂಟ್ ದಾರಿ ತಪ್ಪಿ ನೆಲಕ್ಕೆ ಹರಿದ) ಹೊತ್ತಿಗೂ ಹೆಚ್ಚುಕಡಿಮೆ ಒಂದೇ ವೋಲ್ಟೇಜಿನಲ್ಲಿ ಇರುವಂತೆ ಮಾಡಬೇಕು. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿ. ಉದಾಹರಣೆಗೆ 11 ಕೆವಿ ಲೈನಿಗೆ ಸೇರುವ 1 ಮೆಗಾವಾಟ್ ಸ್ಥಾವರ ಇಟ್ಟುಕೊಳ್ಳೋಣ: 200 ಮೀಟರ್ ಉದ್ದ, 100 ಮೀಟರ್ ಅಗಲ, ಅಂದರೆ ಸುಮಾರು 5 ಎಕರೆ. ಕೊನೆಯ ನಕ್ಷೆಗೆ ಪರವಾನಗಿ ಇರುವ ಎಂಜಿನಿಯರ್ ಸಹಿ ಮತ್ತು ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟಿನ ಒಪ್ಪಿಗೆ ಬೇಕು. ಈ ಬರಹ ಅದಕ್ಕೆ ಬದಲಿಯಲ್ಲ.

ಮೊದಲ ಹೆಜ್ಜೆ: ನೆಲದ ಒಳಗನ್ನು ತಿಳಿಯುವುದು

ನಮ್ಮ ಪದವುಗಳಲ್ಲಿ ಮೇಲೆ ಗಟ್ಟಿ ಮುರಕಲ್ಲಿನ ಹೊದಿಕೆ, ಅದರ ಕೆಳಗೆ ಮೆತ್ತಗಿನ, ತೇವ ಹಿಡಿದಿಟ್ಟುಕೊಳ್ಳುವ ಶೇಡಿಮಣ್ಣು, ಅದಕ್ಕೂ ಕೆಳಗೆ ಕರ್ಗಲ್ಲು, ಅಂದರೆ ಗಟ್ಟಿ ಕಪ್ಪು ಬಂಡೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬಿದ್ದರೂ ಮುರಕಲ್ಲಿನ ತೂತುಗಳಿಂದ ನೀರು ಇಳಿದುಹೋಗುತ್ತದೆ. ಫೆಬ್ರವರಿ ಹೊತ್ತಿಗೆ ಮೇಲಿನ ಪದರ ಒಣಗಿ, ವಿದ್ಯುತ್ತಿನ ಮಟ್ಟಿಗೆ ಬರೀ ಇಟ್ಟಿಗೆಯಂತಾಗಿರುತ್ತದೆ.

ಉಪಕರಣ ಹಿಡಿದು ಹೋಗುವ ಮೊದಲು ಆ ಊರಿನಲ್ಲಿ ಬಾವಿ, ಸುರಂಗ (ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ದಾರಿ) ತೋಡಿದ ಹಿರಿಯರನ್ನು ಹುಡುಕಿ. ಬಾಯಾರು ಕಡೆಯ ಒಬ್ಬ ಅಜ್ಜ ನನ್ನನ್ನು ಗುಡ್ಡೆಯ ಅಂಚಿಗೆ ಕರೆದುಕೊಂಡು ಹೋಗಿ, "ಇಲ್ಲಿ 11 ಕೋಲು ಇಳಿದರೆ ಮುರ ಮುಗಿಯಿತು ಮಾರಾಯ, ಆಮೇಲೆ ಶೇಡಿ, ಒರತೆ ಅಲ್ಲಿಯೇ" ಎಂದು ತೋರಿಸಿದ್ದರು. ಕೋಲು ಎಂದರೆ ಸುಮಾರು 72 ಸೆಂಟಿಮೀಟರ್, ಹಾಗಾಗಿ ಲೆಕ್ಕಕ್ಕೆ ಸುಮಾರು 8 ಮೀಟರ್. ಯಂತ್ರ ಇಟ್ಟು ಅಳೆದಾಗಲೂ ಹೆಚ್ಚುಕಡಿಮೆ ಅದೇ ಬಂತು. ಸುರಂಗಗಳ ದಾರಿಯನ್ನೂ ಅವರಲ್ಲೇ ಕೇಳಿ ನಕ್ಷೆಯಲ್ಲಿ ಗುರುತಿಸಿಕೊಳ್ಳಿ. ಅರ್ತಿಂಗಿಗೆಂದು ಬೋರ್ ಕೊರೆದು ಯಾರದೋ ಮನೆಯ ಕುಡಿಯುವ ನೀರಿನ ಸುರಂಗಕ್ಕೆ ತೂತು ಮಾಡಿದರೆ ಅದನ್ನು ಸರಿಪಡಿಸಲು ಆಗುವುದಿಲ್ಲ.

ಎರಡನೆಯ ಹೆಜ್ಜೆ: ರೋಧಶೀಲತೆ ಅಳೆಯುವುದು

ರೋಧಶೀಲತೆ ಎಂದರೆ ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ. ಅದಕ್ಕೆ ವೆನ್ನರ್ ವಿಧಾನ ಸಾಕು. ಒಂದೇ ಗೆರೆಯಲ್ಲಿ ಸಮಾನ ಅಂತರಕ್ಕೆ ನಾಲ್ಕು ಗೂಟ ಊರಿ, ಹೊರಗಿನ ಎರಡಕ್ಕೆ ಕರೆಂಟ್ ಕೊಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯಬೇಕು. ಟೆಸ್ಟರ್ ತೋರಿಸಿದ ಓಮ್ ಅನ್ನು ಗೂಟಗಳ ಅಂತರದಿಂದಲೂ 6.28ರಿಂದಲೂ ಗುಣಿಸಿದರೆ ಓಮ್-ಮೀಟರಿನಲ್ಲಿ ರೋಧಶೀಲತೆ ಸಿಗುತ್ತದೆ. ಅಂತರ ಹೆಚ್ಚಿಸಿದಷ್ಟೂ ಹೆಚ್ಚು ಆಳದ ನೆಲ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ 1, 2, 4, 8, 16, 32 ಮೀಟರ್ ಹೀಗೆ ಹೆಚ್ಚಿಸುತ್ತಾ, ಜಾಗದ ಉದ್ದಕ್ಕೂ ಅಡ್ಡಕ್ಕೂ ಎರಡೆರಡು ಗೆರೆಗಳಲ್ಲಾದರೂ ಅಳೆಯಿರಿ.

ಒಂದು ಮಾದರಿ ಲೆಕ್ಕ ನೋಡಿ. ಏಪ್ರಿಲ್‌ನಲ್ಲಿ 1 ಮೀಟರ್ ಅಂತರಕ್ಕೆ 210 ಓಮ್, 4 ಮೀಟರಿಗೆ 36, 8ಕ್ಕೆ 11, 16ಕ್ಕೆ 3.2, 32ಕ್ಕೆ 2.6 ಓಮ್ ಬಂತೆಂದು ಇಟ್ಟುಕೊಳ್ಳಿ. ರೋಧಶೀಲತೆ ಕ್ರಮವಾಗಿ ಸುಮಾರು 1319, 905, 553, 322, 523 ಓಮ್-ಮೀಟರ್. ಅಂಕಿ ಇಳಿದು ಮತ್ತೆ ಏರುತ್ತಿದೆ. ಇಳಿತಕ್ಕೆ ಶೇಡಿಯ ತೇವ ಕಾರಣ, ಏರಿಕೆಗೆ ಕರ್ಗಲ್ಲು. ರಾಡ್ ಎಷ್ಟು ಆಳ ಹೋಗಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದು ಈ ಸಾಲಿನಿಂದಲೇ ಗೊತ್ತಾಗುತ್ತದೆ.

ಮುರಕಲ್ಲಿಗೆ ಗೂಟ ಇಳಿಯುವುದಿಲ್ಲ ಎಂದು ಆಳದ ಗುಂಡಿ ಮಾಡಬೇಡಿ. ಗೂಟದ ಆಳ ಅಂತರದ ಇಪ್ಪತ್ತನೇ ಒಂದು ಭಾಗ ಮೀರಬಾರದು. ಡ್ರಿಲ್ಲಿನಿಂದ ಸಣ್ಣ ತೂತು ಹಾಕಿ, ಗೂಟದ ಬುಡಕ್ಕೆ ಮಾತ್ರ ಸ್ವಲ್ಪ ನೀರು ಬಿಟ್ಟರೆ ಸಾಕು. ಅಳತೆಯ ತಿಂಗಳು ಮಾರ್ಚ್ ಅಥವಾ ಏಪ್ರಿಲ್. ಜುಲೈಯಲ್ಲಿ ಅಳೆದ ಅಂಕಿಯ ಮೇಲೆ ಮಾಡಿದ ವಿನ್ಯಾಸವನ್ನು ನಾನು ಒಪ್ಪುವುದಿಲ್ಲ.

ಮೂರನೆಯ ಹೆಜ್ಜೆ: ಫಾಲ್ಟ್ ಕರೆಂಟ್ ಮತ್ತು ಸಮಯ

ಇನ್ವರ್ಟರುಗಳು ಫಾಲ್ಟಿಗೆ ತಮ್ಮ ಸಾಮಾನ್ಯ ಕರೆಂಟಿಗಿಂತ ಸ್ವಲ್ಪವೇ ಹೆಚ್ಚು ಕೊಡುತ್ತವೆ. ದೊಡ್ಡ ಕರೆಂಟ್ ಬರುವುದು ಲೈನಿನಿಂದ. ನಿಮ್ಮ 11 ಕೆವಿ ಜೋಡಣೆಯ ಬಿಂದುವಿನಲ್ಲಿ ಅರ್ತ್ ಫಾಲ್ಟ್ ಎಷ್ಟು ಆಂಪಿಯರ್, ರಿಲೇ (ಫಾಲ್ಟ್ ಗುರುತಿಸುವ ಸಾಧನ) ಎಷ್ಟು ಹೊತ್ತಿನಲ್ಲಿ ಬ್ರೇಕರ್ ಬಿಡಿಸಿ ಲೈನ್ ಕಡಿಯುತ್ತದೆ ಎಂಬುದನ್ನು ಸಬ್‌ಸ್ಟೇಷನ್ನಿನಿಂದ ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ಅಂಕಿ ಬೇಡ. ಬರಿಯ ಮೂರು ತಂತಿಯ ಲೈನಾದರೆ ಆ ಕರೆಂಟೆಲ್ಲ ನಿಮ್ಮ ನೆಲದ ಮೂಲಕವೇ ಸಬ್‌ಸ್ಟೇಷನ್ನಿಗೆ ಮರಳಬೇಕು. ಕೇಬಲ್ಲಾದರೆ ಅದರ ಲೋಹದ ಹೊದಿಕೆ ಒಂದು ಪಾಲು ಹೊರುತ್ತದೆ. ನಮ್ಮ ಉದಾಹರಣೆಯಲ್ಲಿ ನೆಲಕ್ಕೆ ಇಳಿಯುವುದು 600 ಆಂಪಿಯರ್, ಸಮಯ 0.5 ಸೆಕೆಂಡ್.

ನಾಲ್ಕನೆಯ ಹೆಜ್ಜೆ: ರಾಡ್ ಅಲ್ಲ, ಜಾಲ

ಈಗ ಒಂದು ರಾಡಿನ ಶಕ್ತಿ ಎಷ್ಟು ನೋಡೋಣ. 1000 ಓಮ್-ಮೀಟರ್ ನೆಲದಲ್ಲಿ 17.2 ಮಿಲಿಮೀಟರ್ ದಪ್ಪದ, 3 ಮೀಟರ್ ಉದ್ದದ ರಾಡಿನ ರೋಧ ಸುಮಾರು 331 ಓಮ್. ಉದ್ದ 10 ಮೀಟರ್ ಮಾಡಿದರೂ ಸುಮಾರು 118. ಹತ್ತಿರ ಹತ್ತಿರ ಊರಿದ ರಾಡುಗಳು ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುವುದರಿಂದ ಸಾಲಾಗಿ ಊರುತ್ತಾ ಹೋದರೂ ಬೇಕಾದಷ್ಟು ಇಳಿಯುವುದಿಲ್ಲ. ಅದೇ ರಾಡ್ 8 ಮೀಟರ್ ಮುರ ದಾಟಿ 200 ಓಮ್-ಮೀಟರಿನ ತೇವದ ಶೇಡಿಯಲ್ಲಿ 12 ಮೀಟರ್ ಇಳಿದರೆ, ಮೇಲಿನ ಭಾಗವನ್ನು ಲೆಕ್ಕಕ್ಕೇ ಹಿಡಿಯದಿದ್ದರೂ, ಸುಮಾರು 20 ಓಮ್ ಬರುತ್ತದೆ. ಆ ಅಜ್ಜನ 11 ಕೋಲಿನ ಬೆಲೆ ಅದು.

ಜಾಲ ಎಂದರೆ ಜಾಗದ ಸುತ್ತಲೂ ಒಳಗೂ ಹೂತು ಒಂದಕ್ಕೊಂದು ಜೋಡಿಸಿದ ಲೋಹದ ಪಟ್ಟಿಗಳು. ಅದರ ರೋಧಕ್ಕೆ ಸರಳ ಸೂತ್ರ ಒಂದಿದೆ. 3.14 ಅನ್ನು ವಿಸ್ತೀರ್ಣದಿಂದ ಭಾಗಿಸಿ, ವರ್ಗಮೂಲ ತೆಗೆದು, ರೋಧಶೀಲತೆಯ ನಾಲ್ಕನೇ ಒಂದರಿಂದ ಗುಣಿಸಿ. ಅದಕ್ಕೆ, ರೋಧಶೀಲತೆಯನ್ನು ಹೂತ ಪಟ್ಟಿಯ ಒಟ್ಟು ಉದ್ದದಿಂದ ಭಾಗಿಸಿದ್ದನ್ನು ಕೂಡಿಸಿ. 20,000 ಚದರ ಮೀಟರ್, ಸುತ್ತಲೂ 600 ಮೀಟರ್ ಪಟ್ಟಿ, 20 ಮೀಟರಿಗೊಂದರಂತೆ ಒಳಗೆ 9 ಅಡ್ಡ ಗೆರೆ, ಒಟ್ಟು 1500 ಮೀಟರ್. ಇಡೀ ನೆಲ 1000 ಓಮ್-ಮೀಟರ್ ಎಂದೇ ಹಿಡಿದರೂ 3.1 ಮತ್ತು 0.7 ಸೇರಿ ಸುಮಾರು 3.8 ಓಮ್. ಇದರಲ್ಲಿ ದೊಡ್ಡ ಪಾಲು ವಿಸ್ತೀರ್ಣದ್ದು. ಇನ್ನೂ 1500 ಮೀಟರ್ ಪಟ್ಟಿ ಹೂತರೂ ಅರ್ಧ ಓಮ್ ಇಳಿಯುವುದಿಲ್ಲ. ಐದು ಎಕರೆ ನೆಲವೇ ನಿಮ್ಮ ದೊಡ್ಡ ಎಲೆಕ್ಟ್ರೋಡ್.

ಸ್ಟ್ರಕ್ಚರಿನ ಕಾಲುಗಳನ್ನೂ ಈ ಜಾಲಕ್ಕೆ ಸೇರಿಸಿ. ಗಟ್ಟಿ ಮುರಕಲ್ಲಿಗೆ ಕಾಲು ಬಡಿದು ಇಳಿಸಲು ಆಗದ ಕಾರಣ ತೂತು ಕೊರೆದು ಕಾಂಕ್ರೀಟ್ ಸುರಿಯುತ್ತೇವೆ. ಕಾಂಕ್ರೀಟ್ ನೆಲದ ತೇವ ಹೀರಿಕೊಂಡು ಒಣ ಮುರಕಲ್ಲಿಗಿಂತ ಒಳ್ಳೆಯ ವಾಹಕವಾಗಿರುತ್ತದೆ. ಅದರೊಳಗಿನ ಕಬ್ಬಿಣ ಎಲೆಕ್ಟ್ರೋಡಿನಂತೆ ಕೆಲಸ ಮಾಡುತ್ತದೆ. ಅಂಥ ನೂರಾರು ಕಾಲುಗಳು ನಿಮಗೆ ಪುಕ್ಕಟೆ ಸಿಕ್ಕಿವೆ.

ಪಟ್ಟಿಯ ದಪ್ಪಕ್ಕೆ ಅರ್ತಿಂಗಿನ ಭಾರತೀಯ ಮಾನಕ ಐಎಸ್ 3043ರ ಲೆಕ್ಕ ಸುಲಭ. ಒಂದು ಸೆಕೆಂಡಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿ ಚದರ ಮಿಲಿಮೀಟರಿಗೆ 80 ಆಂಪಿಯರ್ ತಡೆಯುತ್ತದೆ, ಬರಿ ತಾಮ್ರ 205. ಟ್ರಾನ್ಸ್‌ಫಾರ್ಮರ್ ಪಕ್ಕ 10 ಕಿಲೋಆಂಪಿಯರ್ ಹಿಡಿದರೆ 125 ಚದರ ಮಿಲಿಮೀಟರ್ ಬೇಕು. 25×6 ಮಿಲಿಮೀಟರ್ ಪಟ್ಟಿಯಲ್ಲಿ 150 ಇದೆ. ನಮ್ಮ ಮಣ್ಣು ಹುಳಿ, ಮಳೆ ವಿಪರೀತ, ತುಕ್ಕು ತಪ್ಪಿದ್ದಲ್ಲ. ಇನ್ನೂ ಒಂದು ಅಳತೆ ದೊಡ್ಡದು ಹಾಕಿದರೆ ನೆಮ್ಮದಿ.

ಇಲ್ಲಿ ಹಲವರು ಎಡವುವುದನ್ನು ಕಂಡಿದ್ದೇನೆ. ತಾಮ್ರ ಒಳ್ಳೆಯದು ಎಂದು ಬರಿ ತಾಮ್ರದ ತಂತಿ ಹೂತು ಸತು ಲೇಪಿಸಿದ ಕಾಲುಗಳಿಗೆ ಜೋಡಿಸುತ್ತಾರೆ. ಹಸಿ ಮಣ್ಣಿನಲ್ಲಿ ಅದೊಂದು ಬ್ಯಾಟರಿಯಂತಾಗಿ, ಸತು ಕರಗಿ, ಸ್ಟ್ರಕ್ಚರಿನ ಕಾಲೇ ಸವೆಯುತ್ತದೆ. ಕಾಲು ಸತುವಿನದ್ದಾದರೆ ನೆಲದೊಳಗಿನ ಪಟ್ಟಿಯೂ ಸತುವಿನದ್ದೇ ಇರಲಿ. ಉಪ್ಪು ಬೇಡವೇ ಬೇಡ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ತೊಳೆದುಹೋಗಿ, ತುಕ್ಕು ತಿಂದ ಕಬ್ಬಿಣ ಮಾತ್ರ ಉಳಿಯುತ್ತದೆ. ಬೆಂಟೊನೈಟ್ ಮಣ್ಣು ಬಳಸಿ.

ಐದನೆಯ ಹೆಜ್ಜೆ: ಮುಟ್ಟುವ ವೋಲ್ಟೇಜ್, ಹೆಜ್ಜೆಯ ವೋಲ್ಟೇಜ್

600 ಆಂಪಿಯರ್ 3.8 ಓಮ್ ಮೂಲಕ ಇಳಿದರೆ ಇಡೀ ಜಾಲ ದೂರದ ನೆಲಕ್ಕಿಂತ 2280 ವೋಲ್ಟ್ ಮೇಲೇರುತ್ತದೆ. 3.8 ಓಮ್ ಎಂಬ ಚಂದದ ಅಂಕಿ ಯಾರ ಜೀವವನ್ನೂ ಕಾಯುವುದಿಲ್ಲ ಎಂದು ಇಲ್ಲಿ ಗೊತ್ತಾಗುತ್ತದೆ. ಪೆಟ್ಟಿಗೆ ಮುಟ್ಟಿ ನಿಂತವನ ಕೈ ಕಾಲುಗಳ ನಡುವೆ ಅದರಲ್ಲಿ ಎಷ್ಟು ಬರುತ್ತದೆ ಎಂಬುದೇ ಪ್ರಶ್ನೆ. ಅದು ಮುಟ್ಟುವ ವೋಲ್ಟೇಜ್. ನಡೆಯುವವನ ಎರಡು ಪಾದಗಳ ನಡುವೆ ಬರುವುದು ಹೆಜ್ಜೆಯ ವೋಲ್ಟೇಜ್.

ಸಬ್‌ಸ್ಟೇಷನ್ ಅರ್ತಿಂಗಿನ ಮಾನಕ ಐಇಇಇ 80ರ ಪ್ರಕಾರ 50 ಕಿಲೋ ತೂಕದ ವ್ಯಕ್ತಿಗೆ ಸಹ್ಯವಾದ ಮುಟ್ಟುವ ವೋಲ್ಟೇಜ್ ಹೀಗೆ: ಮೇಲ್ಮೈಯ ರೋಧಶೀಲತೆಯ ಒಂದೂವರೆ ಪಟ್ಟನ್ನು 1000ಕ್ಕೆ ಕೂಡಿಸಿ, 0.116ರಿಂದ ಗುಣಿಸಿ, ಸಮಯದ ವರ್ಗಮೂಲದಿಂದ ಭಾಗಿಸಬೇಕು. 0.5 ಸೆಕೆಂಡಿಗೆ, 1000 ಓಮ್-ಮೀಟರಿನ ಒಣ ನೆಲದ ಮೇಲೆ 410 ವೋಲ್ಟ್. ಜೂನ್‌ನಲ್ಲಿ ಮೇಲ್ಮಣ್ಣು ನೆನೆದು 100 ಓಮ್-ಮೀಟರಿಗೆ ಇಳಿದರೆ ಅದು 189 ವೋಲ್ಟಿಗೆ ಬರುತ್ತದೆ. ನಮ್ಮ ಹವೆಗೆ ಈ ಸೂಕ್ಷ್ಮ ಮುಖ್ಯ. ಜಾಲ ಎಷ್ಟು ಮೇಲೇರುತ್ತದೆ ಎಂಬುದನ್ನು ಬೇಸಗೆಯ ಅಂಕಿಯಿಂದ, ದೇಹ ಎಷ್ಟು ತಡೆಯುತ್ತದೆ ಎಂಬುದನ್ನು ಮಳೆಗಾಲದ ಅಂಕಿಯಿಂದ ಲೆಕ್ಕ ಹಾಕಿ. ಎರಡೂ ಕೆಟ್ಟ ಸ್ಥಿತಿಗಳನ್ನು ಒಟ್ಟಿಗೆ ಹಿಡಿದರೆ ಮಾತ್ರ ನಿಶ್ಚಿಂತೆ.

2280ರಲ್ಲಿ 189 ಎಂದರೆ ನೂರಕ್ಕೆ ಎಂಟರಷ್ಟು. 20 ಮೀಟರಿಗೊಂದು ಪಟ್ಟಿಯ ಜಾಲ ಇದನ್ನು ಸಾಧಿಸುವುದಿಲ್ಲ. ಹಾಗೆಂದು ಐದು ಎಕರೆಗೂ ಒತ್ತಾಗಿ ಪಟ್ಟಿ ಹೂಳುವ ಅಗತ್ಯವಿಲ್ಲ. ಮನುಷ್ಯ ಎಲ್ಲಿ ನಿಂತು ಏನನ್ನು ಮುಟ್ಟುತ್ತಾನೆ ಎಂದು ನಕ್ಷೆಯ ಮೇಲೆ ಗುರುತಿಸಿ. ಟ್ರಾನ್ಸ್‌ಫಾರ್ಮರ್ ಯಾರ್ಡ್, ಬ್ರೇಕರ್ ಹಿಡಿಕೆಯ ಮುಂದೆ, ಇನ್ವರ್ಟರ್ ಕಟ್ಟೆ, ಈ ಜಾಗಗಳಲ್ಲಿ 2ರಿಂದ 3 ಮೀಟರಿನ ಒತ್ತು ಜಾಲ ಹಾಕಿ, ಮೇಲೆ 10 ಸೆಂಟಿಮೀಟರ್ ಕರ್ಗಲ್ಲಿನ ಜಲ್ಲಿ ಹರಡಿ. ನೆನೆದ ಜಲ್ಲಿಗೂ 3000 ಓಮ್-ಮೀಟರ್ ಹಿಡಿಯಬಹುದು. ಜಲ್ಲಿ ತೆಳು ಪದರವಾದ ಕಾರಣ ಐಇಇಇ 80 ಹೇಳುವ ಕಡಿತವನ್ನು ಸೇರಿಸಿದ ಮೇಲೂ ಕೆಳಗಿನ ನೆಲ 1000 ಓಮ್-ಮೀಟರ್ ಆದರೆ ಸಹ್ಯ ಮಿತಿ ಸುಮಾರು 750 ವೋಲ್ಟಿಗೆ ಏರುತ್ತದೆ. ಕೆಳಗಿನ ಮಣ್ಣು ನೆನೆದಾಗ ಅದಕ್ಕಿಂತ ತುಸು ಕಡಿಮೆ. ಮುರಕಲ್ಲಿನ ಪುಡಿ ಜಲ್ಲಿಯಾಗುವುದಿಲ್ಲ, ಅದು ನೀರು ಕುಡಿಯುತ್ತದೆ. ಇನ್ನೊಂದು ಅಗ್ಗದ ಉಪಾಯ ರಿಲೇ ಸಮಯ. 0.5 ಸೆಕೆಂಡನ್ನು 0.2ಕ್ಕೆ ಇಳಿಸಲು ಸಾಧ್ಯವಾದರೆ 189 ವೋಲ್ಟಿನ ಮಿತಿ 298 ಆಗುತ್ತದೆ. ಕಿಲೋಮೀಟರುಗಟ್ಟಲೆ ಪಟ್ಟಿಗಿಂತ ಇದು ಲೇಸು. ಜಾಲದ ಪಟ್ಟಿಗಳ ನಡುವಿನ ಜಾಗದ ನಿಜವಾದ ವೋಲ್ಟೇಜಿಗೆ ಎರಡು ಪದರದ ನೆಲದ ಮಾದರಿ ಕೊಟ್ಟು ಸಾಫ್ಟ್‌ವೇರಿನಲ್ಲಿ ಲೆಕ್ಕ ಹಾಕಿಸಿ. ಸೌರ ಸ್ಥಾವರಗಳಿಗೆಂದೇ ಐಇಇಇ 2778, ಪವನ ಸ್ಥಾವರಗಳಿಗೆ ಐಇಇಇ 2760 ಇವೆ.

ಬೇಲಿಯ ವಿಷಯದಲ್ಲಿ ನನಗೆ ಯಾವಾಗಲೂ ಆತಂಕ. ಪದವಿನಲ್ಲಿ ದನ ಮೇಯುತ್ತವೆ, ಮಕ್ಕಳು ಗೇರುಹಣ್ಣು ಹೆಕ್ಕುತ್ತಾ ಬೇಲಿ ಹಿಡಿದು ನಿಲ್ಲುತ್ತಾರೆ. ದನದ ಮುಂಗಾಲು ಹಿಂಗಾಲುಗಳ ಅಂತರ ನಮ್ಮ ಹೆಜ್ಜೆಗಿಂತ ದೊಡ್ಡದಾದ್ದರಿಂದ ಅದರ ಮೈಯಲ್ಲಿ ಹಾಯುವ ವೋಲ್ಟೇಜೂ ಹೆಚ್ಚು. ಬೇಲಿಯನ್ನು ಜಾಲಕ್ಕೆ ಸೇರಿಸುವುದಾದರೆ ಬೇಲಿಯಿಂದ 1 ಮೀಟರ್ ಹೊರಗೆ ಒಂದು ಸುತ್ತು ಪಟ್ಟಿ ಹೂತು ಅದಕ್ಕೂ ಜೋಡಿಸಿ. ಸೇರಿಸದಿದ್ದರೆ ಜಾಲವನ್ನು ಬೇಲಿಯಿಂದ 2 ಮೀಟರಿಗಿಂತ ಹೆಚ್ಚು ಒಳಗೇ ನಿಲ್ಲಿಸಿ, ಬೇಲಿಗೆ ಬೇರೆ ಅರ್ತ್ ಕೊಡಿ. ಗೇಟಿನ ಎರಡು ಕಂಬಗಳ ನಡುವೆ ನೆಲದಡಿ ಪಟ್ಟಿ, ಗೇಟಿನ ಬಾಗಿಲಿಗೆ ಬಾಗುವ ತಾಮ್ರದ ಜಂಪರ್ ಮರೆಯಬೇಡಿ. ಆವರಣದಿಂದ ಹೊರಗೆ ಹೋಗುವ ಕಬ್ಬಿಣದ ನೀರಿನ ಪೈಪು, ನೆರೆಯವರ ತಂತಿಬೇಲಿ ಇವು ಆ 2280 ವೋಲ್ಟನ್ನು ಕೆಳಗಿನ ತೋಟದ ಪಂಪಿನ ತನಕ ಹೊತ್ತೊಯ್ಯಬಲ್ಲವು. ಅಂಥ ಕಡೆ ಸಾಕಷ್ಟು ಉದ್ದಕ್ಕೆ ಪಿವಿಸಿ ಪೈಪು ಹಾಕಿ, ಬೇಲಿಗೆ ಮರದ ಅಥವಾ ಕಲ್ಲಿನ ತುಂಡು ಅಂತರ ಕೊಡಿ.

ಆರನೆಯ ಹೆಜ್ಜೆ: ಪ್ಯಾನೆಲ್ ಮತ್ತು ಡಿಸಿ ಕಡೆ

ಪ್ಯಾನೆಲ್ ಚೌಕಟ್ಟಿನ ಅಲ್ಯೂಮಿನಿಯಂ ಮೇಲೆ ಆನೊಡೈಸ್ ಪದರ ಇರುತ್ತದೆ, ಅದು ಕರೆಂಟ್ ಬಿಡುವುದಿಲ್ಲ. ಆ ಪದರವನ್ನು ಕಚ್ಚಿ ಹರಿಯುವ ಹಲ್ಲಿನ ವಾಷರ್ ಅಥವಾ ಕ್ಲಿಪ್ ಬೇಕು. ತಾಮ್ರ ಅಲ್ಯೂಮಿನಿಯಂ ನೇರ ತಾಗಬಾರದು, ತವರ ಲೇಪಿಸಿದ ಲಗ್ ಹಾಕಿ. ಒಂದು ಪ್ಯಾನೆಲ್ ಬಿಚ್ಚಿದರೆ ಉಳಿದವುಗಳ ಅರ್ತ್ ಕಡಿಯದಂತೆ ಜೋಡಣೆ ಇರಲಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಇನ್ವರ್ಟರ್ ಆದರೆ ಡಿಸಿಯ ಪ್ಲಸ್ಸಾಗಲಿ ಮೈನಸ್ಸಾಗಲಿ ಅರ್ತ್ ಮಾಡಬೇಡಿ. ಚೌಕಟ್ಟಿಗೆ ಮಾತ್ರ ಅರ್ತ್.

ಏಳನೆಯ ಹೆಜ್ಜೆ: ಸಿಡಿಲು

ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಸಂಜೆಗಳು ನಮಗೆ ಗೊತ್ತೇ ಇವೆ. ಬೋಳು ಪದವಿನ ಮೇಲೆ ಎತ್ತರದ ವಸ್ತು ನಿಮ್ಮ ಸ್ಥಾವರವೇ. ಮಿಂಚುಕಂಬಗಳ ಜಾಗವನ್ನು ಸಿಡಿಲು ರಕ್ಷಣೆಯ ಮಾನಕ ಐಇಸಿ 62305ರ ಉರುಳುಗೋಳ ವಿಧಾನದಿಂದ ನಿರ್ಧರಿಸಿ. ಒಂದು ದೊಡ್ಡ ಗೋಳ ಸ್ಥಾವರದ ಮೇಲೆ ಉರುಳಿತೆಂದು ಊಹಿಸಿ, ಅದು ತಾಗದ ಜಾಗವೆಲ್ಲ ರಕ್ಷಣೆಯಲ್ಲಿದೆ ಎಂದು ಹಿಡಿಯುವ ಕ್ರಮ ಅದು. ಮೂರನೇ ದರ್ಜೆಯ ರಕ್ಷಣೆಗೆ ಗೋಳದ ತ್ರಿಜ್ಯ 45 ಮೀಟರ್. ಒಂದೇ ಕಂಬ ಇಡೀ ಗುಡ್ಡೆ ಕಾಯುತ್ತದೆ ಎಂದು ಮಾರುವ ಸಾಧನಗಳ ದೊಡ್ಡ ತ್ರಿಜ್ಯಕ್ಕೆ ಆ ಮಾನಕದಲ್ಲಿ ಆಧಾರವಿಲ್ಲ. ನಾನು ಅವನ್ನು ಯಾರಿಗೂ ಹೇಳುವುದಿಲ್ಲ. ಕಂಬದ ನೆರಳು ಪ್ಯಾನೆಲ್ ಮೇಲೆ ಬೀಳದಂತೆ ಬಡಗಣ ಬದಿಗೆ ಇಡುವುದು ವಾಡಿಕೆ.

ಮಿಂಚುಕಂಬದ ಬುಡಕ್ಕೆ ಬೇರೆ ಗುಂಡಿ ಇರಲಿ, ತೊಂದರೆಯಿಲ್ಲ. ಆದರೆ ಅದು ನೆಲದಡಿ ಜಾಲಕ್ಕೆ ಸೇರಲೇಬೇಕು. ಡಿಸಿ, ಎಸಿ, ಸಿಡಿಲು, ಸಂವಹನ ಎಲ್ಲದರ ಅರ್ತೂ ಒಂದೇ ಜಾಲ. ಸರ್ಜ್ ಸಾಧನದ (ಕ್ಷಣಕಾಲ ಏರುವ ವೋಲ್ಟೇಜನ್ನು ನೆಲಕ್ಕೆ ಬಿಡುವ ಸಾಧನ) ತಂತಿಗಳು ಒಟ್ಟು ಅರ್ಧ ಮೀಟರ್ ಮೀರಬಾರದು. ಒಂದು ಮೀಟರ್ ತಂತಿಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟನ್ಸ್ (ಕರೆಂಟಿನ ದಿಢೀರ್ ಏರಿಕೆಗೆ ತಡೆ) ಇದೆ. ಮೈಕ್ರೋಸೆಕೆಂಡಿಗೆ 10 ಕಿಲೋಆಂಪಿಯರ್ ವೇಗದಲ್ಲಿ ಕರೆಂಟ್ ಏರಿದರೆ ಆ ಒಂದು ಮೀಟರಿನಲ್ಲೇ 10,000 ವೋಲ್ಟ್. ಡಿಸಿ ಪ್ಲಸ್ ಮೈನಸ್ ಕೇಬಲ್ಲುಗಳನ್ನು ಜೊತೆಜೊತೆಗೇ ಒಯ್ಯಿರಿ. ಅವುಗಳ ನಡುವೆ ದೊಡ್ಡ ಉಂಗುರ ಉಳಿದರೆ ಪಕ್ಕದ ಸಿಡಿಲು ಅದರಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ.

ಗಾಳಿಯಂತ್ರವಾದರೆ

ಸಾಂಗ್ಲಿ ಜಿಲ್ಲೆಯ ಜತ್ತ ಕಡೆಯ ನಮ್ಮ ಕನ್ನಡದವರ ಹೊಲಗಳ ಸುತ್ತ ಗಾಳಿಯಂತ್ರಗಳಿವೆ. ಅಲ್ಲಿನ ಕಷ್ಟ ನಮ್ಮದಕ್ಕಿಂತ ಬೇರೆ. ಎರೆ ಮಣ್ಣು ಹಸಿಯಿದ್ದಾಗ ಚೆನ್ನಾಗಿ ಕರೆಂಟ್ ಹರಿಸುತ್ತದೆ. ಬೇಸಗೆಯಲ್ಲಿ ಅದು ಬಿರಿದು ರಾಡಿನ ಸುತ್ತ ಸಂದು ಬಿಡುತ್ತದೆ, ಕೆಳಗೆ ಕರಿಕಲ್ಲು. ಆದ್ದರಿಂದ ಅಲ್ಲಿಯೂ ರಾಡನ್ನು ನಂಬುವುದಕ್ಕಿಂತ ಅಡಿಪಾಯವನ್ನು ನಂಬುವುದು ಸರಿ. ಕಾಂಕ್ರೀಟ್ ಸುರಿಯುವ ಮೊದಲೇ ಅಡಿಪಾಯದ ಸರಳುಗಳನ್ನು ವೆಲ್ಡ್ ಅಥವಾ ಕ್ಲ್ಯಾಂಪಿನಿಂದ ಒಂದಕ್ಕೊಂದು ಸೇರಿಸಿ, ಅಲ್ಲಿಂದ ಪಟ್ಟಿಗಳನ್ನು ಹೊರಗೆ ತೆಗೆದಿಡಬೇಕು. ಸುರಿದ ಮೇಲೆ ನೆನಪಾದರೆ ಉಪಾಯವಿಲ್ಲ. ಅಡಿಪಾಯದಿಂದ 1 ಮೀಟರ್ ಹೊರಗೆ ಉಂಗುರ ಪಟ್ಟಿ, ಗುರಿ 10 ಓಮ್.

ಐಇಸಿ 61400-24ರಂತೆ ಗಾಳಿಯಂತ್ರವನ್ನು ಸಾಮಾನ್ಯವಾಗಿ ಒಂದನೇ ದರ್ಜೆಗೆ, ಅಂದರೆ 200 ಕಿಲೋಆಂಪಿಯರ್ ಸಿಡಿಲಿಗೆ ವಿನ್ಯಾಸ ಮಾಡುತ್ತಾರೆ. ರೆಕ್ಕೆಯ ತುದಿಯಿಂದ ಗೋಪುರದ ಬುಡದ ತನಕ ಆ ಕರೆಂಟಿಗೆ ಕಡಿಯದ ದಾರಿ ಬೇಕು. ಬೇರಿಂಗಿನ ಬಳಿ ಬ್ರಷ್ ಸವೆದಿದ್ದರೆ ಬೇರಿಂಗೇ ದಾರಿಯಾಗಿ ಹಾಳಾಗುತ್ತದೆ. ಯಂತ್ರದಿಂದ ಯಂತ್ರಕ್ಕೆ ಹೋಗುವ ಕೇಬಲ್ ಕಾಲುವೆಯಲ್ಲೇ ಬರಿ ಪಟ್ಟಿ ಹೂತು ಎಲ್ಲವನ್ನೂ ಜೋಡಿಸಿ. ಲೈನಿನ ಫಾಲ್ಟಿಗೆ ಇದು ತುಂಬಾ ಸಹಾಯ. ಸಿಡಿಲಿಗೆ ಮಾತ್ರ ಬುಡದ ಹತ್ತಿರದ ಹತ್ತಾರು ಮೀಟರ್ ಪಟ್ಟಿ ಅಷ್ಟೇ ಕೆಲಸ ಮಾಡುತ್ತದೆ, ದೂರದ್ದು ಅಷ್ಟು ಬೇಗ ಕರೆಂಟ್ ಹೊರಲಾರದು.

ಹೂಳುವುದು, ಬೆಸೆಯುವುದು, ಪರೀಕ್ಷಿಸುವುದು

ಪಟ್ಟಿಯ ಕಾಲುವೆ ಅರ್ಧ ಮೀಟರಿಗಿಂತ ಆಳ ಇರಲಿ. ಬ್ರೇಕರ್ ಕಟ್ಟಿದ ಜೆಸಿಬಿ ಒಡೆದ ಮುರಕಲ್ಲಿನ ತುಂಡುಗಳನ್ನೇ ಮತ್ತೆ ತುಂಬಿಸಿದರೆ ಪಟ್ಟಿ ಗಾಳಿಯಲ್ಲಿ ನೇತಾಡಿದಂತೆ. ಪಟ್ಟಿಯ ಸುತ್ತ ಗದ್ದೆಯ ಮಣ್ಣು ಅಥವಾ ಕೆರೆಯ ಹೂಳು ಹಾಕಿ, ನೀರು ಬಿಟ್ಟು ಗುದ್ದಿಸಿ, ಆಮೇಲೆ ಉಳಿದದ್ದನ್ನು ತುಂಬಿ. ನೆಲದಡಿಯಲ್ಲಿ ಬೋಲ್ಟ್ ಬೇಡ. ಪಟ್ಟಿಯ ಅಗಲದ ಎರಡು ಪಟ್ಟು ಮೇಲೊಂದು ಇಟ್ಟು ಸುತ್ತಲೂ ವೆಲ್ಡ್ ಮಾಡಿ, ಚಿಟ್ಟು ತೆಗೆದು, ಬಿಟುಮಿನ್ ಬಳಿಯಿರಿ. ಮುಚ್ಚುವ ಮೊದಲು ಪ್ರತಿ ಬೆಸುಗೆಯ ಫೋಟೊ ತೆಗೆದು ನಕ್ಷೆಯಲ್ಲಿ ಸಂಖ್ಯೆ ಹಾಕಿ.

ಇಡೀ ಜಾಲದ ರೋಧ ಅಳೆಯಲು ಕರೆಂಟ್ ಗೂಟವನ್ನು ಜಾಲದ ಕರ್ಣದ ಐದು ಪಟ್ಟಾದರೂ ದೂರ ಊರಬೇಕು. ನಮ್ಮ ಉದಾಹರಣೆಯಲ್ಲಿ ಕರ್ಣ 224 ಮೀಟರ್, ಹಾಗಾಗಿ ಅಡಿಕೆ ತೋಟಗಳನ್ನು ದಾಟಿಕೊಂಡು ಒಂದು ಕಿಲೋಮೀಟರಿಗೂ ಹೆಚ್ಚು ತಂತಿ ಎಳೆಯುವ ಕೆಲಸ. ವೋಲ್ಟೇಜ್ ಗೂಟ ಆ ದೂರದ ನೂರಕ್ಕೆ 62ರ ಸುತ್ತ. ಅಲ್ಲಿ ಅತ್ತಿತ್ತ ಸರಿಸಿದರೂ ಅಂಕಿ ಬದಲಾಗದಿದ್ದರೆ ಅಳತೆ ಸರಿ. ಕ್ಲ್ಯಾಂಪ್ ಟೆಸ್ಟರ್ ಜೋಡಿಸಿದ ಜಾಲದಲ್ಲಿ ತೋರಿಸುವ ಸಣ್ಣ ಅಂಕಿ ಲೋಹದ ಸುತ್ತಿನದ್ದು, ನೆಲದ್ದಲ್ಲ. ಅದನ್ನು ವರದಿಗೆ ಬರೆಯಬೇಡಿ.

ಅದಕ್ಕಿಂತ ಹೆಚ್ಚು ಉಪಯೋಗದ ಪರೀಕ್ಷೆ ಜೋಡಣೆಯದ್ದು. ಮೈಕ್ರೋಓಮ್ ಮೀಟರ್ ಹಿಡಿದು ಮುಖ್ಯ ಪಟ್ಟಿಯಿಂದ ಪ್ರತಿ ಸಾಲಿನ ಕೊನೆಯ ಕಾಲಿಗೆ, ಪ್ರತಿ ಇನ್ವರ್ಟರ್ ಪೆಟ್ಟಿಗೆಗೆ, ಗೇಟಿಗೆ ಅಳೆಯಿರಿ. ಒಳ್ಳೆಯ ಜೋಡಣೆ ಮಿಲಿಓಮ್‌ಗಳಲ್ಲಿ ಇರುತ್ತದೆ. ಈ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಪ್ರತಿ ವರ್ಷ ವಿಷುವಿನ ಆಸುಪಾಸಿಗೆ ಅದೇ ಬಿಂದುಗಳಲ್ಲಿ ಮತ್ತೆ ಅಳೆಯಿರಿ. ಯಾವುದಾದರೂ ಬಿಂದುವಿನಲ್ಲಿ ಅಂಕಿ ಹಿಂದಿನ ವರ್ಷದ ಎರಡು ಪಟ್ಟಾಗಿದ್ದರೆ ಅಲ್ಲಿ ತುಕ್ಕು ಶುರುವಾಗಿದೆ ಎಂದೇ ಹಿಡಿದು, ಪತ್ತನಾಜೆಗೆ (ಮೇ ಕೊನೆಯ ತುಳು ಹಬ್ಬ) ಮೊದಲು ಅಗೆದು ನೋಡಿಸಿ.